ಪ್ರೀಪೋನ್ ಸರಿಯಾದ ಇಂಗ್ಲಿಷ್ ಕ್ರಿಯಾಪದವೇ? ಅದರ ಲ್ಯಾಟಿನ್ ಬೇರು ಯಾವುದು?

ವೈಟ್‌ಫೀಲ್ಡ್ ವಾಸಿ

ಎಲ್ಲರಿಗೂ ನಮಸ್ಕಾರ. ಗುರುವಾರದ ರಿವ್ಯೂ ಮಂಗಳವಾರಕ್ಕೆ ಪ್ರೀಪೋನ್ ಆಗಿದೆ ಅಂತ ಆಫೀಸಿನಲ್ಲಿ ಒಂದು ಮೇಲ್ ಹಾಕಿದ್ದೆ. ಹಾಗೊಂದು ಪದವೇ ಇಂಗ್ಲಿಷಿನಲ್ಲಿ ಇಲ್ಲ, ಅದು ಇಂಡಿಯಾದವರು ಮಾಡಿಕೊಂಡ ತಪ್ಪು ಎಂದು ಲಂಡನ್ ಟೀಮಿನ ಒಬ್ಬರು ಎಲ್ಲರಿಗೂ ಕಾಣುವ ಹಾಗೆ ಉತ್ತರ ಬರೆದರು. ಇಲ್ಲಿನವರು ಯಾರೂ ಮಾತಾಡಲಿಲ್ಲ. ನನಗೆ ಬೇಜಾರಾಯಿತು. ಬೆಂಗಳೂರಿನಲ್ಲಿ ಮೀಟಿಂಗು, ಪರೀಕ್ಷೆ, ಆಪರೇಷನ್, ನಿಶ್ಚಿತಾರ್ಥ ಎಲ್ಲವೂ ಪ್ರೀಪೋನ್ ಆಗುತ್ತವೆ. ಇಂಗ್ಲಿಷ್ ಬಾರದ ನಮ್ಮ ಅಜ್ಜಿ ಕೂಡ ಈ ಮಾತು ಆಡುತ್ತಾರೆ.

ನನ್ನ ಪ್ರಶ್ನೆ ಎರಡು. ಪೋಸ್ಟ್‌ಪೋನ್ ಅನ್ನುವುದರಲ್ಲಿ ಆ 'ಪೋನ್' ಅಂದರೆ ಏನು? ಪ್ರೀಪೋನ್ ಕೂಡ ಅದೇ ದಾರಿಯಲ್ಲಿ ಹುಟ್ಟಿದ್ದರೆ, ಒಂದು ಸರಿ ಇನ್ನೊಂದು ತಪ್ಪು ಹೇಗೆ ಆಗುತ್ತದೆ?

ಬಸವನಗುಡಿ ಮೇಷ್ಟ್ರು

ಒಳ್ಳೆ ಪ್ರಶ್ನೆ. ಮೊದಲು ಬೇರಿನಿಂದ ಶುರು ಮಾಡೋಣ.

ಲ್ಯಾಟಿನ್‌ನಲ್ಲಿ ಪೋನೆರೆ ಅಂತ ಒಂದು ಧಾತು ಇದೆ. ಅರ್ಥ ಇಡು, ಇರಿಸು. 'ನಾನು ಇಡುತ್ತೇನೆ' ಅನ್ನಬೇಕಾದರೆ ಪೋನೋ. 'ಇಟ್ಟದ್ದು' ಅನ್ನಬೇಕಾದರೆ ಪೊಸಿತುಮ್. ಈ ಎರಡು ರೂಪ ನೆನಪಿಟ್ಟುಕೊಳ್ಳಿ. ಇಂಗ್ಲಿಷಿನ ಎಷ್ಟೋ ಪದ ಈ ಎರಡರಿಂದಲೇ ಬಂದಿವೆ. 'ಪೋನ್' ಅಥವಾ 'ಪೊನೆಂಟ್' ಇದ್ದರೆ ಮೊದಲನೆಯದು, 'ಪೊಸಿಟ್' ಅಥವಾ 'ಪೊಸಿಷನ್' ಇದ್ದರೆ ಎರಡನೆಯದು. ಆಪೊನೆಂಟ್ ಅಂದರೆ ಎದುರಿಗೆ ತಾನೇ ನಿಂತವನು. ಕಾಂಪೊನೆಂಟ್ ಅಂದರೆ ಜೊತೆಯಲ್ಲಿ ಇಟ್ಟ ಭಾಗ. ಡೆಪಾಸಿಟ್ ಅಂದರೆ ಕೆಳಗೆ ಇಟ್ಟದ್ದು. ಇದಕ್ಕೆ ನಾವೂ 'ಠೇವಣಿ ಇಡು' ಅಂತಲೇ ಹೇಳುತ್ತೇವೆ ಅಲ್ವಾ? ಅಲ್ಲೂ 'ಇಡು' ಬಂತು ನೋಡಿ.

ಪೊಸ್ಟ್ ಅಂದರೆ ಲ್ಯಾಟಿನ್‌ನಲ್ಲಿ ಹಿಂದೆ, ಆಮೇಲೆ. ಪೊಸ್ಟ್‌ಪೋನೆರೆ ಅಂದರೆ ಹಿಂದೆ ಇಡು. ಆದರೆ ರೋಮನ್ನರ ಕಾಲದಲ್ಲಿ ಈ ಮಾತಿಗೆ ದಿನಾಂಕದ ಅರ್ಥಕ್ಕಿಂತ ಬೆಲೆಯ ಅರ್ಥವೇ ಜಾಸ್ತಿ ಇತ್ತು. ಯಾವುದಾದರೂ ಒಂದನ್ನು ಇನ್ನೊಂದಕ್ಕಿಂತ ಕಡಿಮೆ ಎಂದು ಎಣಿಸುವುದು, ಎರಡನೇ ಸ್ಥಾನಕ್ಕೆ ತಳ್ಳುವುದು. ಇಂಗ್ಲಿಷಿಗೆ ಅದು ಬಂದದ್ದು 15ನೇ ಶತಮಾನದ ಕೊನೆಯಲ್ಲಿ, ಅದೂ ಮೊದಲು ಸ್ಕಾಟ್ಲೆಂಡಿನ ಬರಹಗಳಲ್ಲಿ.

ಇನ್ನು ಪ್ರೀಪೋನ್. ಲ್ಯಾಟಿನ್‌ನಲ್ಲಿ ಪ್ರೈ ಅಂದರೆ ಮುಂದೆ, ಮೊದಲು. ಪ್ರೈಪೋನೆರೆ ಅಂದರೆ ಮುಂದೆ ಇಡು. ಇದು ಯಾರೋ ಈಚೆಗೆ ಕಟ್ಟಿದ ಜೋಡಿ ಅಲ್ಲ. ರೋಮನ್ನರೇ ಬಳಸುತ್ತಿದ್ದ ಕ್ರಿಯಾಪದ. ಒಬ್ಬನನ್ನು ಸೈನ್ಯದ ಮೇಲೆ ಅಧಿಕಾರಿಯಾಗಿ ನೇಮಿಸುವುದಕ್ಕೂ ಅದನ್ನೇ ಹೇಳುತ್ತಿದ್ದರು. ಶಾಲೆಯಲ್ಲಿ ಕಲಿಯುವ ಪ್ರೆಪೊಸಿಷನ್ ಅದರಿಂದಲೇ ಬಂದದ್ದು. ನಾಮಪದದ ಮುಂದೆ ಇಟ್ಟದ್ದು ಅಂತ ಅರ್ಥ. ಕನ್ನಡದಲ್ಲಿ 'ಮೇಲೆ', 'ಕೆಳಗೆ' ಎಲ್ಲ ನಾಮಪದ ಆದ ಮೇಲೆ ಬರುತ್ತವೆ. ಹಾಗಾಗಿ ಭಾಷಾವಿಜ್ಞಾನಿಗಳು ನಮ್ಮವನ್ನು ಪೋಸ್ಟ್‌ಪೊಸಿಷನ್ ಅನ್ನುತ್ತಾರೆ.

ಆದ್ದರಿಂದ ವ್ಯಾಕರಣದ ದೃಷ್ಟಿಯಲ್ಲಿ ಪ್ರೀಪೋನ್‌ನಲ್ಲಿ ಒಂದು ಕೊರತೆಯೂ ಇಲ್ಲ. ಪೋಸ್ಟ್‌ಪೋನ್ ಎಷ್ಟು ಶುದ್ಧವೋ ಇದೂ ಅಷ್ಟೇ ಶುದ್ಧ.

ಹೆಬ್ಬಾಳ ಟೆಕ್ಕಿ

ಮೇಷ್ಟ್ರೇ, ಕಟ್ಟಿದ ರೀತಿ ಸರಿ ಇದ್ದ ಮಾತ್ರಕ್ಕೆ ಪದ ಇದೆ ಅಂತ ಆಗುತ್ತದಾ? ಬಳಕೆ ಬೇಕಲ್ವಾ? ಬ್ರಿಟನ್ನಿನಲ್ಲಿ 'ಬ್ರಿಂಗ್ ಫಾರ್ವರ್ಡ್' ಅನ್ನುತ್ತಾರೆ, ಅಮೆರಿಕದಲ್ಲಿ 'ಮೂವ್ ಅಪ್' ಅನ್ನುತ್ತಾರೆ. ಹೊರಗಿನವರಿಗೆ ಬರೆಯುವಾಗ ಅವರಿಗೆ ಗೊತ್ತಿರುವುದನ್ನೇ ಬರೆಯುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಮಲ್ಲೇಶ್ವರಂ ಓದುಗಿ

ಬಳಕೆಯೂ ಇದೆ ಸರ್. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯಲ್ಲಿ ಪ್ರೀಪೋನ್‌ಗೆ ಸ್ವಂತ ನಮೂದು ಇದೆ. ಅಲ್ಲಿ ಕೊಟ್ಟಿರುವ ಹಳೆಯ ಉದಾಹರಣೆ 1549ರದು. ರಾಬರ್ಟ್ ಕ್ರೌಲಿ ಬೈಬಲಿನ ಕೀರ್ತನೆಗಳನ್ನು ಇಂಗ್ಲಿಷಿಗೆ ತಂದಾಗ ಬಳಸಿದ್ದು. ಅಲ್ಲಿ ಅರ್ಥ ಬೇರೆ, ದೇವರನ್ನು ಸದಾ ಕಣ್ಣ ಮುಂದೆ ಇಟ್ಟುಕೊಳ್ಳುವುದು. ಲ್ಯಾಟಿನ್‌ನ ಮೂಲ ಅರ್ಥ ಅಲ್ಲಿ ಹಾಗೇ ಉಳಿದಿದೆ.

ಈಗಿನ ಅರ್ಥಕ್ಕೆ ಸಿಗುವ ಹಳೆಯ ದಾಖಲೆ 1913ರದು. ಅದು ಇಂಡಿಯಾದ್ದಲ್ಲ. ಆ ವರ್ಷದ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಓದುಗರೊಬ್ಬರ ಪತ್ರ ಬಂತು. ಪೋಸ್ಟ್‌ಪೋನ್ ಎದುರಿಗೆ ಒಂದು ಜೋಡಿ ಪದ ಬೇಕು, ಈ ಅವಸರದ ಕಾಲದಲ್ಲಿ ಮುಖ್ಯವಾಗಿ ವಕೀಲರಿಗೆ ಅದು ಅನುಕೂಲ, ಆದ್ದರಿಂದ ಪ್ರೀಪೋನ್ ಎಂಬ ಪದವನ್ನು ಟಂಕಿಸುತ್ತೇನೆ ಎಂದು ಅವರು ಬರೆದಿದ್ದರು. ಅಮೆರಿಕದಲ್ಲಿ ಅದು ನಿಲ್ಲಲಿಲ್ಲ. ಇಲ್ಲಿ ನಿಂತಿತು. ಲಂಡನ್ನಿನವರಿಗೆ ಕೇಳಿ ಅಭ್ಯಾಸ ಇಲ್ಲದಿರಬಹುದು, ಅದು ಬೇರೆ ಮಾತು. ಆದರೆ 'ಇಲ್ಲ' ಅನ್ನುವುದು ನಿಜವಲ್ಲ.

ಮತ್ತೆ ಹೆಬ್ಬಾಳದವರು ಹೇಳಿದ 'ಫಾರ್ವರ್ಡ್' ಬಗ್ಗೆ ಒಂದು ಮಾತು. ಬುಧವಾರದ ಮೀಟಿಂಗನ್ನು ಎರಡು ದಿನ ಫಾರ್ವರ್ಡ್ ಮಾಡಿದ್ದೇವೆ ಅಂತ ಇಂಗ್ಲಿಷಿನಲ್ಲಿ ಹೇಳಿ ನೋಡಿ. ಮೀಟಿಂಗ್ ಯಾವತ್ತು? ಕೆಲವರು ಸೋಮವಾರ ಅನ್ನುತ್ತಾರೆ, ಕೆಲವರು ಶುಕ್ರವಾರ ಅನ್ನುತ್ತಾರೆ. ಇಬ್ಬರೂ ಇಂಗ್ಲಿಷನ್ನು ಮನೆಮಾತಾಗಿ ಆಡುವವರೇ. ಮನಶ್ಶಾಸ್ತ್ರದವರು ಇದೇ ಪ್ರಶ್ನೆ ಇಟ್ಟುಕೊಂಡು ಪ್ರಯೋಗಗಳನ್ನೇ ಮಾಡಿದ್ದಾರೆ. ಪ್ರೀಪೋನ್ ಅಂದರೆ ಈ ಗೊಂದಲ ಇಲ್ಲ, ಸೋಮವಾರ ಅಷ್ಟೇ. ಕೆಲಸಕ್ಕೆ ಬರುವ ಪದ ಯಾವುದು ಹೇಳಿ?

ಸಿವಿಲ್ ಕೋರ್ಟ್ ವಕೀಲೆ

ವಕೀಲರ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮ ಕೋರ್ಟುಗಳಲ್ಲಿ ಪ್ರೀಪೋನ್ ಅಂತ ಬರೆಯುವುದಿಲ್ಲ. ವಾಯಿದೆ ದೂರ ಬಿದ್ದಿದ್ದರೆ, ಕೇಸನ್ನು ಅದಕ್ಕೂ ಮೊದಲೇ ಕರೆಸಿಕೊಳ್ಳಲು ಅಡ್ವಾನ್ಸ್‌ಮೆಂಟ್ ಅರ್ಜಿ ಹಾಕುತ್ತೇವೆ. ಆ 'ಅಡ್ವಾನ್ಸ್' ಕೂಡ ಲ್ಯಾಟಿನ್‌ನಿಂದಲೇ ಬಂದದ್ದು. ಅಬ್ ಮತ್ತು ಆಂಟೆ ಸೇರಿ ಅಬಾಂಟೆ, ಅದು ಫ್ರೆಂಚಿನಲ್ಲಿ ಅವಾನ್ಸೆ ಆಯಿತು. ಹಳೆಯ ಇಂಗ್ಲಿಷ್ ಬರಹಗಳಲ್ಲಿ 'ಡ್' ಇರಲಿಲ್ಲ. ಇದು 'ಅಡ್' ಎಂಬ ಲ್ಯಾಟಿನ್ ಉಪಸರ್ಗ ಇರಬೇಕು ಅಂತ ತಿಳಿದು ಆಮೇಲೆ ಸೇರಿಸಿದರು. ಆ ತಪ್ಪು ಈಗ ಸರಿಯಾದ ಸ್ಪೆಲ್ಲಿಂಗ್ ಆಗಿ ಉಳಿದಿದೆ. ಅದನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ. ಒಂದು ತಪ್ಪೂ ಇಲ್ಲದ ಪ್ರೀಪೋನ್ ಮೇಲೆ ಮಾತ್ರ ಈ ಕೋಪ!

ನಮ್ಮ ಊರಿನಲ್ಲಿ ಅಡ್ವಾನ್ಸ್ ಅಂದ ಕೂಡಲೇ ಮನೆ ಬಾಡಿಗೆಯ 10 ತಿಂಗಳ ದುಡ್ಡು ನೆನಪಿಗೆ ಬರುತ್ತದೆ. 'ಡೇಟ್ ಅಡ್ವಾನ್ಸ್ ಮಾಡಿ' ಅಂದರೆ ಕಕ್ಷಿದಾರರಿಗೆ ತಕ್ಷಣ ಅರ್ಥ ಆಗುವುದಿಲ್ಲ. ನಾನು ಅವರಿಗೆ ಪ್ರೀಪೋನ್ ಅಂತಲೇ ಹೇಳುತ್ತೇನೆ.

ಪೋನೆರೆ ಮಾತ್ರ ಕೋರ್ಟಿನಲ್ಲಿ ದಿನವೂ ಕಾಣುತ್ತದೆ. ಅಫಿಡವಿಟ್ಟಿನ ಕೊನೆಯಲ್ಲಿ ಸಹಿ ಹಾಕುವ ಜಾಗದಲ್ಲಿ ಡಿಪೊನೆಂಟ್ ಅಂತ ಇರುತ್ತದೆ ನೋಡಿ. ಡೇಪೋನೆರೆ ಅಂದರೆ ಕೆಳಗೆ ಇಡು. ಆಮೇಲೆ ಅದಕ್ಕೆ ಸಾಕ್ಷಿ ನುಡಿ ಎಂಬ ಅರ್ಥ ಬಂತು. ಸಾಕ್ಷಿ ಹೇಳುವುದು ಡೆಪೊಸಿಷನ್, ಬ್ಯಾಂಕಿನಲ್ಲಿ ಇಡುವುದು ಡೆಪಾಸಿಟ್. ಎರಡೂ ಒಂದೇ.

ಜಯನಗರ ನಾಲ್ಕನೇ ಬ್ಲಾಕ್

ರಾಜಭವನ ರಸ್ತೆಯ ಜಿಪಿಒ ಎದುರು ಬಸ್ಸಿನಲ್ಲಿ ಕೂತು ಇದನ್ನು ಓದುತ್ತಿದ್ದೇನೆ. ಒಂದು ಸಂಶಯ. ಪೋಸ್ಟ್ ಆಫೀಸಿನ ಪೋಸ್ಟ್, ಕೆಲಸದ ಪೋಸ್ಟ್, ಪೋಸ್ಟ್‌ಪೋನ್‌ನ ಪೋಸ್ಟ್, ಮೂರೂ ಒಂದೇನಾ?

ಬಸವನಗುಡಿ ಮೇಷ್ಟ್ರು

ಒಂದೇ ಅಲ್ಲ. ಆದರೆ ಉತ್ತರ ಚೆನ್ನಾಗಿದೆ. ಪೋಸ್ಟ್‌ಪೋನ್‌ನ ಮೊದಲ ಭಾಗ ಪೊಸ್ಟ್, ಅಂದರೆ ಆಮೇಲೆ. ಪೋಸ್ಟ್ ಆಫೀಸಿನ ಪೋಸ್ಟ್ ಬಂದದ್ದು ಪೋನೆರೆಯಿಂದ! ಪೊಸಿತುಮ್‌ನ ಸ್ತ್ರೀಲಿಂಗ ಪೊಸಿತಾ. ಅದು ಇಟಾಲಿಯನ್‌ನಲ್ಲಿ ಪೋಸ್ತಾ ಆಯಿತು. ಹಿಂದೆ ಪತ್ರ ಒಯ್ಯುವವರಿಗಾಗಿ ದಾರಿಯುದ್ದಕ್ಕೂ ಅಲ್ಲಲ್ಲಿ ಕುದುರೆ, ಸವಾರರನ್ನು ಇರಿಸುತ್ತಿದ್ದರು. ಹಾಗೆ ಇರಿಸಿದ ಜಾಗವೇ ಪೋಸ್ತಾ. ಕೆಲಸದ ಪೋಸ್ಟ್ ಕೂಡ ಅದೇ ಬೇರಿನದು. ಅಂದರೆ ನಿಮ್ಮ ಮೂರು ಪೋಸ್ಟುಗಳಲ್ಲಿ ಎರಡು, ಪೋಸ್ಟ್‌ಪೋನ್‌ನ ಎರಡನೇ ಭಾಗಕ್ಕೆ ನೆಂಟರು. ಮೊದಲ ಭಾಗಕ್ಕೆ ಅಲ್ಲ.

ನೀವು ಕೂತಿರುವ ಬಸ್ಸು ರಾತ್ರಿ ಹೋಗಿ ನಿಲ್ಲುವ ಡಿಪೋ ಕೂಡ ಇದೇ. ಡೆಪಾಸಿಟ್‌ನ ಫ್ರೆಂಚ್ ರೂಪ ಅದು.

ಯಲಹಂಕ ಕೈತೋಟ

ಮೇಷ್ಟ್ರೇ, ಕಾಂಪೋಸ್ಟ್? ಮನೆಯ ಹಸಿ ಕಸವನ್ನು ಡ್ರಮ್ಮಿನಲ್ಲಿ ಹಾಕಿ ಕಾಂಪೋಸ್ಟ್ ಮಾಡುತ್ತೇನೆ. ಅದರಲ್ಲೂ ಪೋಸ್ಟ್ ಇದೆ.

ಬಸವನಗುಡಿ ಮೇಷ್ಟ್ರು

ಅದೂ ಪೋನೆರೆಯೇ. ಕೋಂಪೋನೆರೆ ಅಂದರೆ ಒಟ್ಟಿಗೆ ಇಡು. ಅದರಿಂದ ಕೊಂಪೊಸಿತುಮ್, ಹಳೆಯ ಫ್ರೆಂಚಿನಲ್ಲಿ ಕಾಂಪೋಸ್ಟ್. ಹಣ್ಣು, ಸಕ್ಕರೆ ಸೇರಿಸಿ ಬೇಯಿಸುವ ಕಾಂಪೋಟ್ ಎಂಬ ಸಿಹಿಯೂ ಇದರ ಅವಳಿ. ಕಾಂಪೋಸ್ಟ್‌ಗೂ ನಮ್ಮ ಊರಿಗೂ ಬೇರೊಂದು ನಂಟಿದೆ. ಗುಂಡಿಯಲ್ಲಿ ಕಸ, ಸಗಣಿ ಪದರ ಪದರವಾಗಿ ಹಾಕಿ ಮುಚ್ಚಿ ಗೊಬ್ಬರ ಮಾಡುವುದಕ್ಕೆ ಕೃಷಿ ಪುಸ್ತಕಗಳಲ್ಲಿ 'ಬೆಂಗಳೂರು ವಿಧಾನ' ಅಂತಲೇ ಹೆಸರು. 'ಒಟ್ಟಿಗೆ ಇಡು' ಅನ್ನುವ ಮಾತು ಅಲ್ಲಿ ಅಕ್ಷರಶಃ ನಿಜ.

ಆದರೆ ಎಲ್ಲದಕ್ಕೂ ಪೋನೆರೆ ಅಂತ ಹೇಳಿಬಿಡಬೇಡಿ. ಎರಡು ಕಡೆ ಎಚ್ಚರ ಬೇಕು. ಕೆಮಿಸ್ಟ್ರಿಯ ಕಾಂಪೌಂಡ್ ಕೋಂಪೋನೆರೆಯಿಂದ ಬಂದದ್ದು. ಮನೆಯ ಸುತ್ತಲಿನ ಕಾಂಪೌಂಡ್ ಗೋಡೆ ಅಲ್ಲ. ಅದು ಮಲಯ ಭಾಷೆಯ ಕಂಪೊಂಗ್‌ನಿಂದ ಬಂದದ್ದು ಅನ್ನುವುದು ನಿಘಂಟುಕಾರರ ಮಾತು. ಕಂಪೊಂಗ್ ಅಂದರೆ ಸುತ್ತು ಬೇಲಿಯ ಕೇರಿ, ಹಳ್ಳಿ.

ಎರಡನೆಯದು ಇನ್ನೂ ಸ್ವಾರಸ್ಯದ್ದು. ಕಾಂಪೋಸ್, ಅಪೋಸ್, ಸಪೋಸ್, ಪ್ರಪೋಸ್, ಎಕ್ಸ್‌ಪೋಸ್, ಇವೆಲ್ಲ ಪೋನೆರೆಯಿಂದ ನೇರವಾಗಿ ಬಂದವಲ್ಲ. ಇವುಗಳಲ್ಲಿರುವುದು ಫ್ರೆಂಚಿನ ಪೋಜೆ. ಅದರ ಮೂಲ ಕೊನೆಗಾಲದ ಲ್ಯಾಟಿನ್‌ನ ಪೌಸಾರೆ, ನಿಲ್ಲು, ವಿಶ್ರಮಿಸು ಅಂತ ಅರ್ಥ. ಅದಕ್ಕೂ ಹಿಂದೆ ಹೋದರೆ ಗ್ರೀಕ್. ಮೊಬೈಲಿನಲ್ಲಿ ಹಾಡು ನಿಲ್ಲಿಸುವ ಪಾಜ್ ಇದೆಯಲ್ಲ, ಅದೇ. ನಿಲ್ಲು ಅನ್ನುವುದು ನಿಲ್ಲಿಸು ಆಯಿತು, ನಿಲ್ಲಿಸು ಅನ್ನುವುದು ಇಡು ಆಯಿತು. ಹೀಗೆ ಪೋಜೆ ಫ್ರೆಂಚಿನಲ್ಲಿ ಪೋನೆರೆಯ ಜಾಗಕ್ಕೆ ಬಂದು ಕೂತಿತು. ಅದರ ಪರಿಣಾಮ ನೋಡಿ. ಅಪೋಸ್ ಎಂಬ ಕ್ರಿಯಾಪದದ ಬೇರು ಒಂದು, ಅಪೊಸಿಷನ್ ಎಂಬ ನಾಮಪದದ ಬೇರು ಇನ್ನೊಂದು. ಆದರೂ ಇಂಗ್ಲಿಷಿನಲ್ಲಿ ಅವು ತಾಯಿ ಮಗು ಇದ್ದ ಹಾಗೆ ಬಾಳುತ್ತಿವೆ. ಪೋಸ್ಟ್‌ಪೋನ್‌ನಲ್ಲಿ ಈ ಬೆರಕೆ ಇಲ್ಲ. ಅದಕ್ಕೇ ನಾವು 'ಪೋಸ್ಟ್‌ಪೋಸ್' ಅನ್ನುವುದಿಲ್ಲ.

ವೈಟ್‌ಫೀಲ್ಡ್ ವಾಸಿ

ಇಷ್ಟೆಲ್ಲ ಇದೆ ಅಂತ ಗೊತ್ತಿರಲಿಲ್ಲ. ಮೇಷ್ಟ್ರೇ, ಓದುಗಿ ಮೇಡಂ, ತುಂಬಾ ಥ್ಯಾಂಕ್ಸ್. ಹಾಗಾದರೆ ರೋಮನ್ನರು ಕೆಲಸ ಮುಂದೂಡಬೇಕಾದರೆ ಏನನ್ನುತ್ತಿದ್ದರು?

ಮಲ್ಲೇಶ್ವರಂ ಓದುಗಿ

ಡಿಫೆರ್ರೆ ಅನ್ನುತ್ತಿದ್ದರು, ಅದರಿಂದ ಡಿಫರ್ ಬಂತು. ಪ್ರೋಕ್ರಾಸ್ಟಿನಾರೆ ಕೂಡ ಇತ್ತು. ಕ್ರಾಸ್ ಅಂದರೆ ನಾಳೆ. ನಾಳೆಗೆ ತಳ್ಳು ಅಂತ ಅರ್ಥ. ನನಗೆ ತುಂಬಾ ಇಷ್ಟವಾದದ್ದು ಪೆರೆಂಡಿನೇಟ್ ಎಂಬ ಅಪರೂಪದ ಇಂಗ್ಲಿಷ್ ಕ್ರಿಯಾಪದ. ಪೆರೆಂಡಿಯೇ ಅಂದರೆ ಲ್ಯಾಟಿನ್‌ನಲ್ಲಿ ನಾಳಿದ್ದು. ನಾಳಿದ್ದಿಗೆ ತಳ್ಳುವುದು ಪೆರೆಂಡಿನೇಟ್! ಕನ್ನಡದಲ್ಲಿ ಇರುವ ಹಾಗೆ ಲ್ಯಾಟಿನ್‌ನಲ್ಲೂ ನಾಳಿದ್ದಿಗೆ ಒಂದೇ ಪದ ಇತ್ತು. ಇಂಗ್ಲಿಷಿನಲ್ಲಿ ದಿನಬಳಕೆಗೆ ಅಂಥದ್ದು ಇಲ್ಲ.

ಸಿವಿಲ್ ಕೋರ್ಟ್ ವಕೀಲೆ

ಇನ್ನೆರಡು ಸೇರಿಸುತ್ತೇನೆ. ಅಡ್ಜರ್ನ್‌ನಲ್ಲಿ ಇರುವುದು ದಿನ ಎಂಬ ಪದ. ಲ್ಯಾಟಿನ್‌ನ ಡಿಯುರ್ನುಸ್ ಹಳೆಯ ಫ್ರೆಂಚಿನಲ್ಲಿ ಜೋರ್ನ್ ಆಯಿತು. ಅಂದರೆ ಇನ್ನೊಂದು ದಿನಕ್ಕೆ ಗೊತ್ತುಮಾಡುವುದು. ವಿಧಾನಸೌಧದಲ್ಲಿ ಅಧಿವೇಶನ ಮುಗಿದಾಗ 'ಸೈನ್ ಡೈ' ಅನ್ನುತ್ತಾರಲ್ಲ, ಅದು ಸಿನೆ ಡಿಯೆ, ದಿನ ಗೊತ್ತುಮಾಡದೆ ಅಂತ. ಆಮೇಲೆ ಸಂವಿಧಾನದ 174ನೇ ವಿಧಿಯಂತೆ ರಾಜ್ಯಪಾಲರು ಪ್ರೊರೋಗ್ ಮಾಡುತ್ತಾರೆ. ಪ್ರೋರೋಗಾರೆಯಲ್ಲಿ ಇರುವುದು ರೋಗಾರೆ, ಅಂದರೆ ಕೇಳು. ರೋಮಿನಲ್ಲಿ ಅಧಿಕಾರಿಯ ಅವಧಿ ಮುಂದುವರಿಸಬೇಕಾದರೆ ಜನರನ್ನು ಕೇಳುತ್ತಿದ್ದರು. ಕ್ರಿ.ಪೂ. 326ರಲ್ಲಿ ನೇಪಲ್ಸ್ ಮುತ್ತಿಗೆ ಮುಗಿಯದೆ ಇದ್ದಾಗ ಪುಬ್ಲಿಲಿಯುಸ್ ಫಿಲೋ ಎಂಬ ಸೇನಾಧಿಕಾರಿಗೆ ಹಾಗೆ ಅವಧಿ ಕೊಟ್ಟದ್ದೇ ಮೊದಲು ಅಂತ ರೋಮನ್ ಇತಿಹಾಸಕಾರ ಲಿವಿ ಬರೆದಿದ್ದಾನೆ. ಅವಧಿ ಮುಂದುವರಿಸುವ ಮಾತು ಈಗ ಅಧಿವೇಶನ ಮುಗಿಸುವ ಮಾತಾಗಿದೆ.

ಹೆಬ್ಬಾಳ ಟೆಕ್ಕಿ

ಇಂಗ್ಲಿಷ್ ಇರಲಿ, ಕನ್ನಡದಲ್ಲಿ ಪ್ರೀಪೋನ್‌ಗೆ ಏನು? ಪೋಸ್ಟ್‌ಪೋನ್‌ಗೆ ಮುಂದೂಡು ಇದೆ. ಹಾಗಾದರೆ ಇದಕ್ಕೆ 'ಹಿಂದೂಡು' ಅನ್ನಬಹುದಾ? ಯಾರೂ ಹಾಗೆ ಅನ್ನುವುದು ನಾನು ಕೇಳಿಲ್ಲ.

ಮಲ್ಲೇಶ್ವರಂ ಓದುಗಿ

ಇಲ್ಲೇ ನೋಡಿ ವಿಷಯ ಇರುವುದು. ರೋಮನ್ನರು ಆಮೇಲಿನದನ್ನು 'ಹಿಂದೆ' ಇಟ್ಟರು, ನಾವು ಅದನ್ನೇ 'ಮುಂದಕ್ಕೆ' ದೂಡುತ್ತೇವೆ. ಎರಡೂ ಸರಿ, ನೋಡುವ ಬಗೆ ಬೇರೆ. ಮುಂದೂಡು ಅನ್ನುವಾಗ ನಾವು ಕಾಲದಲ್ಲಿ ನಡೆಯುತ್ತಾ ಹೋಗುತ್ತಿದ್ದೇವೆ, ಬರುವ ದಿನಗಳು ನಮ್ಮ ಎದುರಿಗೆ ಇವೆ. ಪೋಸ್ಟ್‌ಪೋನ್‌ನಲ್ಲಿ ದಿನಗಳೇ ಸಾಲಾಗಿ ನಿಂತಿವೆ. ಸಾಲಿನ ಮುಂದೆ ಇರುವುದು ಮೊದಲು ಬರುತ್ತದೆ, ಹಿಂದೆ ಇರುವುದು ಆಮೇಲೆ.

ಕನ್ನಡದಲ್ಲಿ ಈ ಎರಡನೇ ಬಗೆ ಇಲ್ಲ ಅಂತ ಅಂದುಕೊಳ್ಳಬೇಡಿ. ಚೆನ್ನಾಗಿಯೇ ಇದೆ. ಮುಂಗಾರು ಮೊದಲು ಬರುವ ಮಳೆ, ಹಿಂಗಾರು ಆಮೇಲೆ ಬರುವ ಮಳೆ. ಇಲ್ಲಿ 'ಹಿಂ' ಅಂದರೆ ಆಮೇಲೆ! ಮುಂಚೆ, ಮುನ್ನ, ಮುಂಗಡ, ಎಲ್ಲದರಲ್ಲೂ 'ಮುನ್' ಅಂದರೆ ಮೊದಲು. ಅದೇ 'ಮುನ್' ಮುಂದಿನ ವಾರ ಅನ್ನುವಾಗ ಆಮೇಲಿನದು ಆಗುತ್ತದೆ. ಒಂದೇ ಬೇರು ಎರಡೂ ಕಡೆ ಕೆಲಸ ಮಾಡುತ್ತಿದೆ. ಸಂಸ್ಕೃತದ ಪೂರ್ವವನ್ನೂ ನೋಡಿ, ಎದುರಿಗಿರುವ ದಿಕ್ಕೂ ಅದೇ, ಹಿಂದಿನ ಕಾಲವೂ ಅದೇ. ಪಶ್ಚಾತ್ ಅಂದರೆ ಆಮೇಲೆ. ಅದು ಲ್ಯಾಟಿನ್‌ನ ಪೊಸ್ಟ್‌ಗೆ ದೂರದ ನೆಂಟ.

ಹಾಗಾಗಿ 'ಹಿಂದೂಡು' ನಿಲ್ಲುವುದಿಲ್ಲ. ಸಾಲಿನಲ್ಲಿ ಹಿಂದಕ್ಕೆ ತಳ್ಳಿದರು ಅಂತ ಅರ್ಥ ಆಗುವ ಸಾಧ್ಯತೆ ಇದೆ. ಪತ್ರಿಕೆಯವರು 'ಅವಧಿಗೆ ಮುನ್ನ', 'ನಿಗದಿಗಿಂತ ಮೊದಲೇ' ಅಂತ ಸುತ್ತಿ ಹೇಳುತ್ತಾರೆ. ತಪ್ಪಿಲ್ಲ, ಆದರೆ ಅದು ಕ್ರಿಯಾಪದ ಅಲ್ಲ.

ಯಲಹಂಕ ಕೈತೋಟ

ನಮ್ಮ ಮನೆಯಲ್ಲಿ ಹೇಳುವುದನ್ನು ಹೇಳುತ್ತೇನೆ. ತಂಗಿಯ ಮದುವೆ ಶ್ರಾವಣಕ್ಕೆ ಅಂತ ಇತ್ತು. ಹುಡುಗನಿಗೆ ರಜೆ ಸಿಗುವುದಿಲ್ಲ ಅಂತಾಯಿತು. 'ಆಷಾಢಕ್ಕೆ ಮುಂಚೆಯೇ ಇಟ್ಟುಕೊಂಡುಬಿಡೋಣ' ಅಂತ ದೊಡ್ಡಪ್ಪ ಹೇಳಿದರು. ಹಾಗೇ ಆಯಿತು. ಮದುವೆ ಇಟ್ಟುಕೊಳ್ಳುವುದು, ನಾಮಕರಣ ಇಟ್ಟುಕೊಳ್ಳುವುದು ಅಂತ ತಾನೇ ನಾವು ಅನ್ನುವುದು?

ಬಸವನಗುಡಿ ಮೇಷ್ಟ್ರು

ಎಷ್ಟು ಚೆನ್ನಾಗಿ ಹೇಳಿದಿರಿ! ಮುಂಚೆ ಅಂದರೆ ಪ್ರೈ, ಇಡು ಅಂದರೆ ಪೋನೆರೆ. 'ಮುಂಚೆ ಇಟ್ಟುಕೊಳ್ಳೋಣ' ಅಂದರೆ ಪ್ರೈಪೋನೆರೆಯ ಪ್ರತಿಯೊಂದು ಭಾಗವೂ ಬಂದಂತೆ ಆಯಿತು. 'ಆಮೇಲೆ ಇಟ್ಟುಕೊಳ್ಳೋಣ' ಅಂದರೆ ಪೊಸ್ಟ್‌ಪೋನೆರೆ. ಲ್ಯಾಟಿನ್ ಕೇಳದ ಹಿರಿಯರು ಅದೇ ಧಾತುವನ್ನು ಅದೇ ಕೆಲಸಕ್ಕೆ ಬಳಸಿದ್ದಾರೆ. ಪ್ರೀಪೋನ್ ನಮ್ಮ ಬಾಯಿಗೆ ಇಷ್ಟು ಸುಲಭವಾಗಿ ಹತ್ತಿದ್ದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಜಯನಗರ ನಾಲ್ಕನೇ ಬ್ಲಾಕ್

ಹಾಗಾದರೆ ಒಂದು ಸಹಾಯ ಮಾಡಿ. ನಮ್ಮ ಅಪಾರ್ಟ್‌ಮೆಂಟ್ ಸಂಘದ ಸಭೆ 21ಕ್ಕೆ ಇತ್ತು, 14ಕ್ಕೆ ಬಂದಿದೆ. ಲಿಫ್ಟಿನ ಹತ್ತಿರ ಕನ್ನಡದಲ್ಲಿ ನೋಟಿಸ್ ಹಾಕಬೇಕು. ಹೋದ ಸಲ 'ದಿನಾಂಕ ಮುಂದಕ್ಕೆ ತರಲಾಗಿದೆ' ಅಂತ ಬರೆದಿದ್ದರು. ಅರ್ಧ ಜನ ಒಂದು ವಾರ ತಡವಾಗಿ ಬಂದರು.

ಮಲ್ಲೇಶ್ವರಂ ಓದುಗಿ

ಮುಂದೆ, ಹಿಂದೆ ಎರಡನ್ನೂ ಬಿಟ್ಟುಬಿಡಿ. ಹೀಗೆ ಬರೆಯಿರಿ: '21ರಂದು ನಡೆಯಬೇಕಿದ್ದ ಸಭೆಯನ್ನು ಒಂದು ವಾರ ಮುಂಚೆಯೇ, 14ರಂದು ಇಟ್ಟುಕೊಳ್ಳಲಾಗಿದೆ.'

ವೈಟ್‌ಫೀಲ್ಡ್ ವಾಸಿ

ಲಂಡನ್ನಿನವರಿಗೆ ಉತ್ತರ ಬರೆದೆ. 1549, 1913, ಎರಡೂ ಹಾಕಿದ್ದೇನೆ. ಮೀಟಿಂಗ್ ಮಂಗಳವಾರಕ್ಕೆ ಪ್ರೀಪೋನ್ ಆಗಿದೆ ಅಂತಲೇ ಕ್ಯಾಲೆಂಡರಿನಲ್ಲಿ ಬಿಟ್ಟಿದ್ದೇನೆ, ಬದಲಾಯಿಸಿಲ್ಲ.